ಎರಡನೇ ಚೀಟಿ

ಅಕ್ಕಾ, ಆ ಕಾಗದ ಮಡಚಿಡಬೇಡಿ, ಇಲ್ಲಿ ಕೊಡಿ ನೋಡೋಣ. ಸ್ಕೂಲ್ ಝೋನು, 40ರ ಜಾಗದಲ್ಲಿ ಸ್ಪೀಡು 52. ಹೊತ್ತು 3 ಗಂಟೆ 48 ನಿಮಿಷ. ಮಧ್ಯಾಹ್ನ ಎರಡೂವರೆಯಿಂದ 4ರವರೆಗೂ 40ರಲ್ಲೇ ಹೋಗ್ಬೇಕಲ್ವಾ? ದುಡ್ಡು ಹೋಗ್ಲಿ, ಇದಕ್ಕೆ ಲೈಸೆನ್ಸ್ ಮೇಲೆ ನಾಲ್ಕು ಡಿಮೆರಿಟ್ ಪಾಯಿಂಟು ಬೀಳತ್ತೆ. ಮಾಮೂಲಿ ರಸ್ತೆಯಾಗಿದ್ರೆ ಮೂರು.

ಊರಲ್ಲಿ ನಾವು ಕಂಡಿದ್ದು ಹೆಚ್ಚಾಗಿ ದುಡ್ಡಿನ ಮಾತು. 2023ರ ಫೆಬ್ರವರೀಲಿ ಬೆಂಗಳೂರಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯ್ತಿ ಕೊಟ್ಟಾಗ ನಿಮ್ಮ ತಮ್ಮ ಹೋಗಿ ಕಟ್ಟಿ ಬಂದ್ರು, ಲೆಕ್ಕ ಚುಕ್ತಾ. ಇಲ್ಲಿ ಸಿಡ್ನಿಯಲ್ಲಿ ದಂಡ ಕಟ್ಟಿದ್ರೂ ಪಾಯಿಂಟು ಉಳಿಯತ್ತೆ. ಫುಲ್ ಲೈಸೆನ್ಸಲ್ಲಿ 3 ವರ್ಷದೊಳಗೆ 13 ತುಂಬಿದ್ರೆ ಲೈಸೆನ್ಸ್ ಸಸ್ಪೆಂಡು, ಕಾರಿನ ಕೀಲಿ ಗೂಟಕ್ಕೆ. ಮೆಲ್ಬರ್ನಲ್ಲಿ 12ಕ್ಕೇ ಆ ಗತಿ.

ದಂಡ ವಸೂಲಿ ಮಾಡೋ ರೆವೆನ್ಯೂ ಎನ್‌ಎಸ್‌ಡಬ್ಲ್ಯೂಗೆ ರಿವ್ಯೂ ಕೇಳಿ ಬರೀಬಹುದು. ಆದ್ರೆ ಹತ್ತು ವರ್ಷ ಒಂದೂ ತಪ್ಪಿಲ್ಲದವರ ಮೇಲೆ ಅವರಿಗೆ ಕನಿಕರ. ವಿಂಡ್ಸರ್ ರೋಡಿನ ಹಳೇ ಚೀಟಿ ನಿಮ್ಮ ಹೆಸರಲ್ಲಿ ಕೂತಿದೆಯಲ್ಲ. ಕೋರ್ಟಿಗೂ ಹೋಗಬಹುದು. ತಪ್ಪು ಒಪ್ಕೊಂಡ್ರೂ ಸೆಕ್ಷನ್ 10ರ ಪ್ರಕಾರ ಮ್ಯಾಜಿಸ್ಟ್ರೇಟರು ಶಿಕ್ಷೆಯಿಲ್ಲದೆ ಬಿಟ್ರೆ ಪಾಯಿಂಟೂ ಇಲ್ಲ. ಅವರು ಮೊದಲು ನೋಡೋದೇ ನಿಮ್ಮ ಹಳೇ ರೆಕಾರ್ಡು. ಮನಸ್ಸು ಕರಗದಿದ್ರೆ ದಂಡ 2,200 ಡಾಲರ್ ತನಕ ಏರಬಹುದು, ಕೋರ್ಟ್ ಖರ್ಚು ಬೇರೆ. ಇಷ್ಟಕ್ಕೆ ಆ ದಾರಿ ಬೇಡ ಅನ್ಸತ್ತೆ ನಂಗೆ.

ಏನಂದ್ರಿ? ಮಾವನವರ ಹೆಸರು ಬರ್ದುಬಿಡೋದಾ? ಅವರು ಮೈಸೂರಿಗೆ ವಾಪಸ್ ಹೋದ್ರು, ಯಾರು ಹುಡುಕ್ತಾರೆ ಅಂತಲಾ? ಅಕ್ಕಾ, ನಿಮ್ಮ ಕೈ ಹಿಡ್ಕೊಂಡು ಹೇಳ್ತೀನಿ, ಬೇಡ. ಬೇರೆಯವರು ನಿಜವಾಗ್ಲೂ ಓಡಿಸಿದ್ರೆ ಹೆಸರು ಕೊಡೋದು ಸರಿ, ಸುಳ್ಳು ಹೆಸರು ಕೊಡೋದು ಅಪರಾಧ. ಮಾರ್ಕಸ್ ಐನ್‌ಫೆಲ್ಡ್ ಕಥೆ ಗೊತ್ತಲ್ಲ? ಫೆಡರಲ್ ಕೋರ್ಟಲ್ಲಿ ಜಡ್ಜಾಗಿದ್ದವರು. 2006ರಲ್ಲಿ ಮೋಸ್ಮನ್ ಹತ್ರ ಕ್ಯಾಮೆರಾಕ್ಕೆ ಸಿಕ್ಕಿಬಿದ್ರು, ದಂಡ ಬರೀ 77 ಡಾಲರು. ಕಾರು ಸ್ನೇಹಿತೆ ಪ್ರೊಫೆಸರ್ ತೆರೇಸಾ ಬ್ರೆನನ್ ಹತ್ರ ಇತ್ತು ಅಂತ ಪ್ರಮಾಣ ಮಾಡಿ ಹೇಳಿದ್ರು. ಆಕೆ 2003ರಲ್ಲೇ ತೀರ್ಕೊಂಡಿದ್ರು! ಪತ್ರಿಕೆಯವರು ಅದನ್ನ ಬಯಲಿಗೆಳೆದ್ರು. ಆ ಸುಳ್ಳು ಮುಚ್ಚೋಕೆ ಮತ್ತೊಂದು ಸುಳ್ಳು ಹೇಳಿ, 2009ರಲ್ಲಿ ಮೂರು ವರ್ಷ ಜೈಲು ಶಿಕ್ಷೆಯಾಯ್ತು. ಎರಡು ವರ್ಷ ಕಂಬಿ ಎಣಿಸಿದ್ರು. ಕಾನೂನು ಅರೆದು ಕುಡಿದವರಿಗೇ ಹೀಗಾದ್ರೆ, ಆ ಎಪ್ಪತ್ತು ದಾಟಿದ ಹಿರಿಯರನ್ನ ಯಾಕೆ ಎಳೀತೀರಿ?

ಲೆಕ್ಕ ಹಾಕಿ ನೋಡಿ. ಹಳೇದು ಒಂದು, ಇದು ನಾಲ್ಕು, ಒಟ್ಟು ಐದು. ಇನ್ನೂ ಎಂಟು ಬಾಕಿ ಇದೆ. ಮೂರು ವರ್ಷ ಎಣಿಸೋದು ತಪ್ಪು ನಡೆದ ದಿನದಿಂದ, ಹಳೇದು ಮೊದಲು ಕಳಚಿಕೊಳ್ಳತ್ತೆ. ಅಷ್ಟಾಗಿಯೂ 13 ತುಂಬಿದ್ರೆ ಸಸ್ಪೆನ್ಷನ್ ಬದಲು ಒಂದು ವರ್ಷದ ಗುಡ್ ಬಿಹೇವಿಯರ್ ಲೈಸೆನ್ಸ್ ಕೇಳಬಹುದು. ಆ ವರ್ಷದಲ್ಲಿ ಎರಡು ಪಾಯಿಂಟು ಬಿತ್ತೋ, ಮೂರು ತಿಂಗಳ ಸಸ್ಪೆನ್ಷನ್ನು ಆರಾಗತ್ತೆ. ಅಲ್ಲೀವರೆಗೂ ಬೇಡಪ್ಪ. ಗಡುವಿನೊಳಗೆ ದಂಡ ಕಟ್ಟಿಬಿಡಿ. ಆಫೀಸಿಗೆ ಕೆಲ್ಲಿವಿಲ್ ಸ್ಟೇಷನ್ನಿಂದ ಮೆಟ್ರೋ ಹಿಡೀರಿ.

ನಿಮ್ಮ ಮಗನಿಗೂ ಹೇಳಿ. ಅವನ ಕಾರಿಗೆ ಕೆಂಪು ಪಿ ಅಂಟಿದೆ, ಅವನಿಗೆ ನಾಲ್ಕೇ ಪಾಯಿಂಟು. ಕೆಂಪು ಪಿ ಪ್ಲೇಟಿನವರಿಗೆ ಸ್ಪೀಡಿಂಗ್ ಅಂದ್ರೆ ಕನಿಷ್ಠ ನಾಲ್ಕು. ಅವನಿಗೆ ಎರಡನೇ ಚೀಟಿ ಅನ್ನೋದೇ ಇಲ್ಲ, ಮೊದಲನೇದಕ್ಕೇ ಮೂರು ತಿಂಗಳು ಬಸ್ಸು.