ಅಲ್ಯುಮಿನಿಯಂ ರಾಯರು

ರಾಯರ ಮನೆಯಲ್ಲಿ ಎರಡು ಕಾರುಗಳಿವೆ. ಎರಡೂ ಓಡುವುದಿಲ್ಲ. ಕೆಟ್ಟಿವೆ ಅಂತಲ್ಲ, ಅವುಗಳ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ.

ಕಾರೆಂದರೆ ಪೆಟ್ರೋಲ್ ಕುಡಿಯುವ ಕಾರಲ್ಲ. ರಿಮೋಟ್ ಹಿಡಿದು ಓಡಿಸುವ, ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಆರ್‌ಸಿ ಕಾರು. ಒಂದು, ಜಪಾನಿನ ತಮಿಯಾ ಕಂಪನಿ 2013ರಲ್ಲಿ ಹೊರತಂದ ಟಿಟಿ-02. ಇನ್ನೊಂದು, ಮಣ್ಣಿನಲ್ಲಿ ಹಾರಿ ಬೀಳುವ ಬಗ್ಗಿ. ಎರಡನ್ನೂ ಕೊಂಡದ್ದು ಮಗನ ಹೆಸರಿನಲ್ಲಿ. ಮಗನಿಗೆ ಆಗ ಏಳನೇ ಕ್ಲಾಸು, ಈಗ ಪಿಯುಸಿ. "ಅಪ್ಪಾ, ಇವತ್ತಾದ್ರೂ ಓಡ್ಸೋಣ್ವಾ?" ಎಂದು ಕೇಳುವುದನ್ನೂ ಅವನು ಬಿಟ್ಟಿದ್ದಾನೆ. "ತಾಳೋ, ಮುಂದಿನ ಆರ್ಮ್‌ದೊಂದು ನಿರ್ಧಾರ ಆಗ್ಲಿ" ಎಂಬ ಉತ್ತರ ಅವನಿಗೆ ಬಾಯಿಪಾಠವಾಗಿದೆ. ಆರ್ಮ್ ಎಂದರೆ ಚಕ್ರವನ್ನು ಕಾರಿನ ಒಡಲಿಗೆ ಹಿಡಿದಿಡುವ ತೋಳು.

ಇಂಥ ರಾಯರು ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಅಲೆನ್ ಕೀ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಮಗ್ಗುಲಲ್ಲೇ ಶಾಕ್ ಆಯಿಲ್ ಸೀಸೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಪ್ಲಾಸ್ಟಿಕ್ ಆರ್ಮ್, ಅದರ ಪಕ್ಕ ಅದೇ ಅಚ್ಚಿನ ಅಲ್ಯುಮಿನಿಯಂ ಆರ್ಮ್. "ನೋಡಿ ಸ್ವಾಮಿ, ನೈಲಾನಿನ ಸಾಂದ್ರತೆ ಸುಮಾರು 1.15, ಅಲ್ಯುಮಿನಿಯಂದು 2.7. ಎರಡು ಪಟ್ಟಿಗಿಂತ ಜಾಸ್ತಿ ಭಾರ. ಅದೂ ಸ್ಪ್ರಿಂಗಿನ ಕೆಳಗಿನ ಭಾರ!" ಎಂದು ನಮ್ಮ ಮುಂದೆ ಕೈ ಚೆಲ್ಲುತ್ತಾರೆ. ಹಾಗಾದರೆ ಪ್ಲಾಸ್ಟಿಕ್ಕೇ ಇರಲಿ ಬಿಡಿ ಎಂದಿರೋ, ಮುಖ ಸಣ್ಣದಾಗುತ್ತದೆ. "ಆದ್ರೆ ಈ ನೀಲಿ ಬಣ್ಣ ನೋಡಿ, ಹೇಗೆ ಹೊಳೀತಿದೆ."

ಒಂದು ಮಾತು ಒಪ್ಪಬೇಕು. ರಾಯರ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ಪೆಟ್ಟು ಬಿದ್ದಾಗ ಪ್ಲಾಸ್ಟಿಕ್ ಬಳುಕಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಪೆಟ್ಟು ಮಿತಿ ಮೀರಿದರೆ ಮುರಿಯುತ್ತದೆ. ಅಲ್ಯುಮಿನಿಯಂ ಬಗ್ಗಿದರೆ ಬಗ್ಗಿದ ಹಾಗೇ ಉಳಿಯುತ್ತದೆ; ಬಗ್ಗದಿದ್ದರೆ ಇನ್ನೂ ಕಷ್ಟ, ಪೆಟ್ಟನ್ನು ಹಾಗೇ ಹಿಂದಿನವನಿಗೆ ದಾಟಿಸುತ್ತದೆ. ಸರ್ಕಾರಿ ಕಡತದ ಥರ. ರಾಯರಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಒಮ್ಮೆ ಬಗ್ಗಿಗೆ ಅಲ್ಯುಮಿನಿಯಂ ಆರ್ಮ್ ಹಾಕಿಸಿ, ಶುಭ ಮುಹೂರ್ತ ನೋಡಿ ಬೇಸ್‌ಮೆಂಟಿನಲ್ಲಿ ಬಿಟ್ಟರು. ಅದು ನೆಟ್ಟಗೆ ಹೋಗಿ ಕಂಬಕ್ಕೆ ಗುದ್ದಿತು. ನಾವೆಲ್ಲ ಓಡಿದೆವು. ಆರ್ಮ್ ಕೂರುವ ಗೇರ್‌ಬಾಕ್ಸಿನ ಗೂಡು ಎರಡು ಹೋಳು, ಸ್ಕ್ರೂಗಳು ದಿಕ್ಕಿಗೊಂದು. ರಾಯರು ಚೂರುಗಳ ನಡುವಿನಿಂದ ಆರ್ಮನ್ನು ಎತ್ತಿ, ಪಂಚೆಯ ಅಂಚಿನಲ್ಲಿ ಒರೆಸಿ, ಹೆಮ್ಮೆಯಿಂದ ತೋರಿಸಿದರು: "ನೋಡಿದ್ರಾ! ಆರ್ಮಿಗೆ ಒಂದು ಗೀರೂ ಬಿದ್ದಿಲ್ಲ!"

ಬೇರೆಯವರಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ರಾಯರು ಗೂಡನ್ನೂ ಅಲ್ಯುಮಿನಿಯಂನಲ್ಲಿ ಹುಡುಕತೊಡಗಿದರು. ಹುಡುಕುತ್ತಿರುವಾಗಲೇ ಮತಾಂತರವೂ ಆಯಿತು. ಹೊಸ ನೈಲಾನ್ ಒಣಗಿರುವಾಗ ಪೆಡಸು, ನೀರು ಹೀರಿದರೆ ಬಳುಕುವ ಗುಣ ಬರುತ್ತದೆ ಎಂಬುದು ಈ ಹವ್ಯಾಸಿಗಳ ಹಳೆಯ ವಿದ್ಯೆ. ಅದು ನಿಜವೂ ಹೌದು. ಒಂದು ಭಾನುವಾರ ರಾಯರು ಹಳೆಯ ನೈಲಾನ್ ಆರ್ಮ್‌ಗಳನ್ನು ಸಾರಿನ ಪಾತ್ರೆಯಲ್ಲಿ ಕುದಿಯಲು ಇಟ್ಟರು.

"ರೀ, ಏನ್ರೀ ಇದು ಸಾರಿನ ಪಾತ್ರೇಲಿ?"

"ನೈಲಾನ್ ಕಣೆ. ಕುದಿಸಿದ್ರೆ ಪೆಡಸುತನ ಹೋಗತ್ತೆ. ಬಗ್ಗತ್ತೆ, ಮುರಿಯಲ್ಲ."

"ಹಾಗಿದ್ರೆ ನೀವೂ ಒಂದ್ಹತ್ತು ನಿಮಿಷ ಅದ್ರೊಳಗೆ ಕೂತ್ಕೊಳ್ಳಿ."

ಆ ಪಾತ್ರೆ ಈಗ ಅಧಿಕೃತವಾಗಿ ರಾಯರದು. ಮನೆಯವರು ಹೊಸದು ಕೊಂಡಿದ್ದಾರೆ.

ಇನ್ನು ನೆಂಟರ ವಿಷಯ. 2020ರ ಕೇಂದ್ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ಅಂದಿನಿಂದ ರಾಯರಿಗೆ ಅಮೆರಿಕದ ಬಂಧುಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಸೋದರಳಿಯ ಫೋನ್ ಮಾಡಿ "ಮಾವ, ಬರ್ತಾ ಏನ್ ತರ್ಲಿ?" ಎಂದರೆ ಬಾದಾಮಿಯೂ ಬೇಡ, ಚಾಕೊಲೇಟೂ ಬೇಡ.

"7075 ಅಲ್ಯುಮಿನಿಯಂದು ಒಂದು ಸೆಟ್ ತಗೊಂಡು ಬಾ. ವಿಮಾನಕ್ಕೆ ಹಾಕೋ ಲೋಹ ಕಣೋ ಅದು."

"ವಿಮಾನ ಬೇಸ್‌ಮೆಂಟ್ ಕಂಬಕ್ಕೆ ಗುದ್ದಲ್ವಲ್ಲ ಮಾವ."

ರಾಯರು ಮೂರು ತಿಂಗಳು ಅವನೊಡನೆ ಮಾತು ಬಿಟ್ಟಿದ್ದರು. ಅವನು ತಂದ ಸೆಟ್ ಮಾತ್ರ ಇಟ್ಟುಕೊಂಡರು.

ಟಿಟಿ-02ರದು ಬೇರೆ ಕಥೆ. ಆ ಕಾರಿನ ಹಲವು ಕಿಟ್‌ಗಳಲ್ಲಿ ಚಕ್ರ ತಿರುಗುವ ಕಡೆ ಬಾಲ್ ಬೇರಿಂಗ್ ಬದಲು ಬುಷ್ ಕೊಟ್ಟಿರುತ್ತಾರೆ. ಧೂಳು ಹೊಕ್ಕರೆ ಅದು ಸವೆದು ಚಕ್ರ ಅಲ್ಲಾಡುತ್ತದೆ. 5 ಮಿ.ಮೀ. ಒಳವ್ಯಾಸ, 11 ಹೊರವ್ಯಾಸ, 4 ದಪ್ಪದ ಬೇರಿಂಗ್ ಹಾಕಿದರೆ ಸಾಕು, ಕಾರು ಹಗುರವಾಗಿ ಓಡುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಸ್ಟೀರಿಂಗಿನ ಪ್ಲಾಸ್ಟಿಕ್ ತೋಳುಗಳಲ್ಲಿ ಸಡಿಲವಿದೆ; ಅಲ್ಲಿ ಲೋಹಕ್ಕೆ ಅರ್ಥವಿದೆ. ಇವೆರಡೂ ಪೆಟ್ಟು ತಿನ್ನುವ ಜಾಗಗಳಲ್ಲ, ಸವೆಯುವ ಜಾಗಗಳು. ಈ ವ್ಯತ್ಯಾಸವನ್ನು ರಾಯರು ಗಂಟೆಗಟ್ಟಲೆ ಸೊಗಸಾಗಿ ವಿವರಿಸಬಲ್ಲರು. ಬೇರಿಂಗನ್ನು ಮಾತ್ರ ಇನ್ನೂ ಹಾಕಿಲ್ಲ. ರಬ್ಬರ್ ಮುಚ್ಚಳದ್ದೋ ತಗಡಿನ ಮುಚ್ಚಳದ್ದೋ ಎಂಬಲ್ಲಿ ಕೂತಿದೆ.

ಮೊನ್ನೆ ಮೂರನೇ ಮಹಡಿಯ ಹುಡುಗನೊಬ್ಬ ತನ್ನ ಬಡಪಾಯಿ ಪ್ಲಾಸ್ಟಿಕ್ ಕಾರನ್ನು ಪಕ್ಕದ ಖಾಲಿ ಸೈಟಿನ ಜಲ್ಲಿರಾಶಿಯ ಮೇಲೆ ಹತ್ತಿಸಿ, ಹಾರಿಸಿ, ಮಗುಚಿ, ಮತ್ತೆ ಹತ್ತಿಸುತ್ತಿದ್ದ. ಒಂದು ಆರ್ಮ್ ಮುರಿಯಿತು. ಜೇಬಿನಿಂದ ಇನ್ನೊಂದು ತೆಗೆದು, ಮೆಟ್ಟಿಲ ಮೇಲೆ ಕೂತು ಜೋಡಿಸಿ, ಮತ್ತೆ ಓಡಿಸಿದ. ರಾಯರು ಬಾಲ್ಕನಿಯಿಂದ ಎಲ್ಲ ನೋಡಿದರು. "ಪಾಪ, ಹುಡುಗನಿಗೆ ಹೇಳಿಕೊಡೋರು ಯಾರೂ ಇಲ್ಲ" ಎಂದರು.

ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಿಗೆ ನನ್ನ ಮಾತು ಇಷ್ಟೇ. ಬೇರಿಂಗ್ ಮೊದಲ ದಿನವೇ ಹಾಕಿ. ಪೆಟ್ಟು ತಿನ್ನುವ ಆರ್ಮ್ ಪ್ಲಾಸ್ಟಿಕ್ಕೇ ಇರಲಿ, ಒಂದು ಜೊತೆ ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ. ಸಂದೇಹ ಬಂದರೆ ಮೂರನೇ ಮಹಡಿಯ ಹುಡುಗನನ್ನು ಕೇಳಿ. ರಾಯರನ್ನೇ ಕೇಳಬೇಕು ಎಂದಿದ್ದರೆ, ಆಫೀಸಿಗೆ ರಜಾ ಹಾಕಿ ಹೋಗಿ.