ಚಿನ್ನದ ವಾಕ್‌ಮನ್, ಹಿತ್ತಾಳೆ ಕಿವಿ

ಅಕ್ಕನ ಮಗ ಅಂಗಿ ಜೇಬಿನಿಂದ ಅದನ್ನು ತೆಗೆದಾಗ ಜೇಬೇ ಉಸ್ಸಪ್ಪಾ ಎಂದಂತಾಯಿತು. ಸೋನಿಯವರು 2016ರಲ್ಲಿ ತಂದ ಡಬ್ಲ್ಯೂಎಂ1ಝಡ್ ವಾಕ್‌ಮನ್. ತಾಮ್ರದ ಮೈ, ಮೇಲೆ ಚಿನ್ನದ ಲೇಪ, ತೂಕ 455 ಗ್ರಾಂ. ಕೈಗೆತ್ತಿಕೊಂಡರೆ ಸಂಗೀತಕ್ಕಿಂತ ಮೊದಲು ದೇವರ ಮನೆಯ ತಂಬಿಗೆ ನೆನಪಾಗುತ್ತದೆ. 1979ರ ಮೊದಲ ವಾಕ್‌ಮನ್ ಇದಕ್ಕಿಂತ ಹಗುರವಿತ್ತು. ಇಬ್ಬರು ಜೊತೆಗೆ ಕೇಳಲೆಂದು ಎರಡು ಹೆಡ್‌ಫೋನ್ ತೂತುಗಳಿದ್ದವು. ಇದರಲ್ಲೂ ಎರಡಿವೆ, ಎರಡೂ ಒಬ್ಬನಿಗೇ.

ಇನ್ನೊಂದು ಕೈಯಲ್ಲಿ ಗೆಳೆಯನಿಂದ ಎರವಲು ತಂದ ಕೊರಿಯಾದ ಆಸ್ಟೆಲ್ ಅಂಡ್ ಕರ್ನ್ ಎಕೆ380 ಪ್ಲೇಯರ್. “ಮಾವ, ಯಾವುದು ಚೆನ್ನಾಗಿದೆ ಹೇಳಿ. ನಿಮ್ಮದು ಸಂಗೀತದ ಕಿವಿ” ಎಂದ. ಅರವತ್ತು ದಾಟಿದವನ ಕಿವಿಯನ್ನು ಹೊಗಳಿದರೆ ಅವನು ಏನು ಬೇಕಾದರೂ ಹೇಳುತ್ತಾನೆ.

ಮಲ್ಲಿಕಾರ್ಜುನ ಮನಸೂರರ ಹಳೆಯ ಪ್ಲೇಟಿನ ಹಾಡು ಹಾಕಿದ. ಸೋನಿಯಲ್ಲಿ “ವಾರ್ಮ್ ಅಲ್ವಾ?” ಎಂದ. ನಮ್ಮ ಮನೆಯಲ್ಲಿ ಬೆಚ್ಚಗಿರುವುದು ಕಾಫಿ ಮಾತ್ರ, ಅದೂ ಆರಿದ ಮೇಲೆ. ಆದರೂ ತಲೆಯಾಡಿಸಿದೆ. ಕೊರಿಯಾದ್ದರಲ್ಲಿ “ಡೀಟೇಲ್ ಜಾಸ್ತಿ ಅಲ್ವಾ?” ಎಂದ. ಅದಕ್ಕೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಎರಡರಲ್ಲೂ ಪ್ಲೇಟಿನ ಕರಕರ ಹಿಂದೆಂದೂ ಕೇಳದಷ್ಟು ಸೊಗಸಾಗಿ ಕೇಳಿತು. ಹೊಸ ಪ್ಲೇಯರನ್ನು ನೂರಾರು ಗಂಟೆ ಹಾಡಿಸಿ ಪಳಗಿಸಬೇಕಂತೆ, ದೋಸೆ ಕಾವಲಿಯ ಹಾಗೆ. ಪಳಗುವುದು ಕೊಂಡವನ ಕಿವಿ ಎಂದು ನನ್ನ ಗುಮಾನಿ.

ಬೆಲೆ ಹೇಳಿದರೂ ನಂಬುವ, ಬಣ್ಣ ತೋರಿದರೂ ನಂಬುವ ಹಿತ್ತಾಳೆ ಕಿವಿ ಅದು. ಹಿತ್ತಾಳೆಯಲ್ಲೂ ಹೆಚ್ಚಿನ ಪಾಲು ತಾಮ್ರವೇ ಅನ್ನಿ.

ಒಳಗಿನಿಂದ ಬಂದ ನನ್ನಾಕೆ ಇಬ್ಬರಿಗೂ ಸರದಿಯ ಮೇಲೆ ಕಣ್ಣಿಗೆ ಟವೆಲ್ ಕಟ್ಟಿ, ಹೆಡ್‌ಫೋನಿನ ಪಿನ್ನನ್ನು ಅದರಿಂದ ಇದಕ್ಕೆ ಬದಲಿಸುತ್ತ ಕೂತಳು. ಐದು ಸಲದಲ್ಲಿ ನಾಲ್ಕು ಸಲ ಇಬ್ಬರೂ ಆರಿಸಿದ್ದು ಎರವಲಿನದನ್ನೇ. ಅಳಿಯನ ಮುಖ ಸಣ್ಣಗಾಯಿತು. ಆಮೇಲೆ ನೋಡಿದರೆ, ಅದರ ಮಗ್ಗುಲಲ್ಲಿರುವ ವಾಲ್ಯೂಮ್ ತಿರುಗಣಿ ನನ್ನಾಕೆಯ ಬೆರಳು ತಾಗಿ ಒಂದಿಷ್ಟು ಮೇಲೇರಿತ್ತು! ಅದೇ ಹಾಡು ಎಳ್ಳಷ್ಟು ಜೋರಾಗಿ ಬಂದರೆ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುತ್ತದೆ. ಬಲ್ಲವರು ಮೀಟರ್ ಹಿಡಿದು, ಎರಡರ ಮಟ್ಟವನ್ನೂ 0.1 ಡೆಸಿಬೆಲ್ ಒಳಗೆ ಸರಿದೂಗಿಸಿದ ಮೇಲೆಯೇ ಹೋಲಿಕೆಗೆ ಕೂರುವುದು. ನಾವೂ ಮೀಟರಿಲ್ಲದೆ, ಕೈಯಂದಾಜಿನಲ್ಲಿ ಸರಿಮಾಡಿ ಮತ್ತೆ ಕೇಳಿದೆವು. ಈ ಸಲ ನಾನೊಂದು ಹೇಳಿದರೆ ಅವನೊಂದು ಹೇಳಿದ, ಮರುಸಲ ಇಬ್ಬರೂ ಅದಲುಬದಲು.

ಅಳಿಯ ಬಿಡಲಿಲ್ಲ, ಹೈ-ರೆಸ್ ಎಂದು ಸದ್ದಿನಿಂದ ಸೆಕೆಂಡಿಗೆ 1,92,000 ಮಾದರಿ ತೆಗೆಯುವ ಲೆಕ್ಕ ಒಪ್ಪಿಸಿದ. ಸಿ.ಡಿ.ಯ 44,100 ಮಾದರಿಗಳಿಗೇ 20,000 ಹರ್ಟ್ಸ್‌ವರೆಗಿನ ಸದ್ದೆಲ್ಲ ಸಿಗುತ್ತದೆ. ಎಳೆಯ ಕಿವಿಯ ಎಲ್ಲೆಯೂ ಅಷ್ಟೇ. ನನ್ನ ಎಲ್ಲೆಯ ಮೇಲುಭಾಗವನ್ನಂತೂ ವಯಸ್ಸು ಯಾವಾಗಲೋ ಒತ್ತುವರಿ ಮಾಡಿಕೊಂಡಿದೆ.

ಇಂಥದ್ದೊಂದನ್ನು ಕೊಳ್ಳುವ ಮನಸ್ಸಿದ್ದರೆ ದುಡ್ಡನ್ನು ಮೊದಲು ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಬದಲಿಸಿದ್ದು ನಿಜವಾಗಿ ಕೇಳುವುದು ಅಲ್ಲಿ. ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ. ಜೊತೆಗೆ ಒಂದು ಟವೆಲ್ಲೂ ಇರಲಿ.