ದಿನಾಂಕಕ್ಕೆ ಜಾಗ ಇಲ್ರಿ!

ಬೀದರಿನ ಒಂದು ಕಚೇರಿ. ಔರಾದಿನ ತರಬೇತಿಗೆ ಪೋಸ್ಟರ್ ಆಗಬೇಕು. ಸಂಪಾದಕ, ವಿನ್ಯಾಸಕ ಎರಡೂ ಒಬ್ಬನೇ, ಗುತ್ತಿಗೆ ನೌಕರ. ಇಲಾಖೆಯ ಬಾಯಲ್ಲಿ ‘ಆ ಕಂಪ್ಯೂಟರ್ ಹುಡುಗ’.

ಸಾಹೇಬರು: ತಮ್ಮಾ, ಎರಡು ಪುಟ ಕೊಟ್ಟಿದ್ದೆ. ಮೂರೇ ಸಾಲು ಅವಲ್ಲೋ!

ಹುಡುಗ: ಎಲ್ಲಿ, ಯಾವಾಗ, ಏನೇನು ತರಬೇಕು, ಅಷ್ಟೇ ಇಟ್ಟೀನ್ರಿ ಸರ. ಉಳಿದದ್ದು ‘ನುಡಿ’ ಫಾಂಟಿನಿಂದ ಯೂನಿಕೋಡಿಗೆ ಬರೋದ್ರಾಗ ಬರೀ ಚೌಕ ಚೌಕ ಆಗಿತ್ತು. ಪ್ರೂಫ್ ನೋಡ್ದೋರು ಯಾರೂ ಗುರುತೇ ಹಿಡೀಲಿಲ್ರಿ.

ಸಾಹೇಬರು: ಓದಿದ ಕೂಡ್ಲೇ ತಿಳಿದ್ರ ಅದು ಸರ್ಕಾರದ್ದು ಅಂತ ಹೆಂಗ ಗೊತ್ತಾಗ್ತದ? ‘ಸದರಿ’, ‘ಮೇಲ್ಕಂಡ’ ಎಲ್ಲಾ ವಾಪಸ್ ಹಾಕು. ಮತ್ತ ಫೋಟೋ ಎಲ್ಲಿ?

ಹುಡುಗ: ಯಾರದ್ರಿ?

ಸಾಹೇಬರು: ಮೇಲಿನವರದು. ಅವರ ಮೇಲಿನವರದು. ಪ್ರೋಟೋಕಾಲ್ ಪ್ರಕಾರ ಸಣ್ಣದು, ದೊಡ್ಡದು.

ಹುಡುಗ: ಹಂಗಾದ್ರ ದಿನಾಂಕಕ್ಕೆ ಜಾಗ ಇಲ್ರಿ.

ಸಾಹೇಬರು: ಬಿಡು. ಬರೋರು ಹೆಂಗಾದ್ರೂ ಬರ್ತಾರ.

ಹುಡುಗ: ಸರ, ನಿಜಾಮರ ಕಾಲದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ್ರು. ನಮ್ಮಲ್ಲಿ ಹೊರಗ ‘ತರಬೇತಿ’ ಬೋರ್ಡ್, ಒಳಗ...

ಸಾಹೇಬರು: ಸಾಕು, ಸಾಕು! ಊಟದ ಟೈಮ್ ಮಾತ್ರ ದೊಡ್ಡಕ್ಷರದಾಗ ಹಾಕು.